ಚಾಲಕರೊಡನೆ ಮಾತನಾಡಬಾರದು

"ಟೈರು ಬಡಿದು ನೋಡಿದ್ರೆ ಏನ್ ಗೊತ್ತಾಗುತ್ತೆ ಸಾರ್? ಎಲ್ಲಾ ಚೆಕ್ ಮಾಡಿಯೇ ಕೊಡೋದು ನಾವು," ಎಂದಳು ಬಾಡಿಗೆ ಕಾರಿನ ಆಫೀಸಿನ ಕನ್ನಡಕದ ಹೆಂಗಸು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕೂ ಟೈರುಗಳನ್ನು ಬಡಿದು, ಡಿಕ್ಕಿಯಲ್ಲಿದ್ದ ಐದನೆಯದನ್ನೂ ಬಡಿದು, ಬಗ್ಗಿ ಕಾರಿನ ಹೊಟ್ಟೆ ನೋಡಿ, ಆಮೇಲೆ ಸಹಿ ಹಾಕಿದ.

ಹೆಂಡತಿ ಬೆಂಚಿನ ಮೇಲೆ ಕುಳಿತಿದ್ದಳು. ಕೈಯಲ್ಲಿ ಸಿಟಿ ಬಸ್ಸಿನ ನಕ್ಷೆ. ರೈಲಿಳಿದ ಕೂಡಲೇ ಅದನ್ನು ಕೇಳಿ ಪಡೆದಿದ್ದಳು. ಮೂರು ದಿನಕ್ಕೆ ಒಂದೇ ಪಾಸು. ಎಲ್ಲಿ ಬೇಕಾದರೂ ಹತ್ತಬಹುದು, ಎಲ್ಲಿ ಬೇಕಾದರೂ ಇಳಿಯಬಹುದು.

"ಈಗ್ಲೂ ಕಾಲ ಮಿಂಚಿಲ್ಲ ರೀ. ಬಸ್ಸಲ್ಲಿ ಹೋಗೋಣ."

"ಮೂವತ್ತೆರಡು ವರ್ಷ ಬಸ್ಸು ಓಡಿಸಿದ್ದು ಸಾಲ್ದಾ? ರಜಕ್ಕೆ ಬಂದೂ ಬಸ್ಸಾ? ನೀನು ರಜಕ್ಕೆ ಬಂದು ಯಾರದಾದ್ರೂ ಬಟ್ಟೆ ಹೊಲೀತೀಯಾ?"

ಹೊಲಿಗೆ ಕೆಲಸದವಳಾದ ಅವಳು ನಕ್ಷೆ ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಅವಳಿಗೆ ಬೇಕಾಗಿದ್ದುದು ಬಸ್ಸಲ್ಲ, ಅವನ ಮಾತು. ಮದುವೆಯಾದ ಹೊಸತರಲ್ಲಿ ಒಂದು ಭಾನುವಾರವಿಡೀ ಅವನ ಬಸ್ಸಿನಲ್ಲೇ ಕುಳಿತು ಊರು ಸುತ್ತಿದ್ದಳು. ಮುಂದಿನ ಸೀಟು, ಎದುರಿಗೆ ಅವನ ಕತ್ತು, ಅದರ ಮೇಲೊಂದು ಬೋರ್ಡು: ಚಾಲಕರೊಡನೆ ಮಾತನಾಡಬಾರದು. ಬರುಬರುತ್ತ ಆ ಬೋರ್ಡು ಮನೆಗೂ ಬಂತು. ಬೆಳಗ್ಗೆ ನಾಲ್ಕಕ್ಕೆ ಎದ್ದು ಹೋಗುವವನು. ಬಂದರೆ ಊಟ, ನಿದ್ದೆ. ನಿವೃತ್ತನಾದ ಮೇಲೆ ಮಾತಾಡಿಯಾನು ಎಂದು ಕಾದಳು. ಎರಡು ತಿಂಗಳಾಯಿತು, ಕಿಟಕಿಯೆದುರು ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತ ಕುಳಿತದ್ದೇ ಬಂತು. ಹೊರಗೆ ಹೋದರೆ ಬಾಯಿ ಬಿಟ್ಟಾನು ಎಂದು ಈ ಪ್ರವಾಸಕ್ಕೆ ಹಟ ಹಿಡಿದವಳು ಅವಳೇ.

ಕಾರು ಹೊರಟಿತು. ಅವರು ನೋಡಬೇಕೆಂದುಕೊಂಡಿದ್ದ ದೀಪಸ್ತಂಭ ಊರಿನ ಆ ತುದಿಯಲ್ಲಿತ್ತು.

"ನೋಡ್ರೀ, ಆ ಮನೆಗೆ ಸೂರಿನ ತನಕ ಬಳ್ಳಿ ಹಬ್ಬಿದೆ!"

ಅವನು ಇಂಡಿಕೇಟರ್ ಹಾಕಿದ.

"ಸೇತುವೆ ಮೇಲೆ ಗಾಳಿ ಚೆನ್ನಾಗಿದೆ, ಅಲ್ವಾ?"

ಅವನ ಕಣ್ಣು ರಸ್ತೆ, ಎಡಗನ್ನಡಿ, ಬಲಗನ್ನಡಿ, ಮತ್ತೆ ರಸ್ತೆ. ತುಟಿಗೆ ಹೊಲಿಗೆ ಹಾಕಿದ ಹಾಗಿತ್ತು.

"ನನ್ನ ತಲೆಗೆ ಬೆಂಕಿ ಬಿದ್ದಿದೆ," ಎಂದಳು, ಪರೀಕ್ಷೆಗೆ.

ಅವನು ಗೇರು ಬದಲಿಸಿದ.

ಸ್ವಲ್ಪ ದೂರ ಹೋಗಿ ಕಾರು ಎಡಕ್ಕೆ ಸರಿದು ನಿಂತಿತು. ದಾರಿ ಕೇಳುವುದಕ್ಕಿರಬೇಕು ಎಂದುಕೊಂಡಳು. ಯಾರನ್ನೂ ಕೇಳದೆ ಮತ್ತೆ ಹೊರಟ. ಇನ್ನೊಂದು ಕಡೆ ನಿಂತ, ಹೊರಟ. ಮೂರನೆಯ ಸಲ ನಿಂತಾಗ ಅವಳು ತಲೆಯೆತ್ತಿ ನೋಡಿದಳು. ಬಸ್ ಸ್ಟಾಪು! ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆದು, ಕುಕ್ಕರಿನ ಚೀಲ ಹಿಡಿದ ಅಜ್ಜಿಯೊಬ್ಬಳು ಹತ್ತಿ ಕುಳಿತೇಬಿಟ್ಟಳು.

"ಮಾರ್ಕೆಟ್ಟಿಗೆ ಹೋಗುತ್ತಲ್ವಾ?"

ಅವನು ಕನ್ನಡಿಯಲ್ಲಿ ಅಜ್ಜಿಯನ್ನು ನೋಡಿದ. ಕಾರು ಕದಲಲಿಲ್ಲ. ಹಿಂದೆ ಹಾರನ್ನುಗಳು ಒಂದಕ್ಕೊಂದು ಕಿರುಚತೊಡಗಿದವು. ಇಷ್ಟಾದರೂ ಯಾಕೆ ನಿಂತಿದ್ದಾನೆ? ಹೆಂಡತಿಗೆ ತಟ್ಟನೆ ಹೊಳೆಯಿತು. ಜನ ಹತ್ತಿದ ಮೇಲೆ ಕಂಡಕ್ಟರು ಹೇಳದೆ ಅವನು ಯಾವತ್ತು ಹೊರಟಿದ್ದಾನೆ? ಕೈ ಹೊರಗೆ ಚಾಚಿ ಬಾಗಿಲಿಗೆ ಎರಡು ಸಲ ಬಡಿದು, "ರೈಟ್!" ಎಂದಳು.

ಕಾರು ಬೆಣ್ಣೆಯ ಹಾಗೆ ಹೊರಟಿತು.

"ಹೊಸ ಸರ್ವೀಸಾ? ಸೀಟು ಮೆತ್ತಗಿದೆ," ಎಂದಳು ಅಜ್ಜಿ. "ಡ್ರೈವರಪ್ಪಾ, ಕುಕ್ಕರ್ ರಿಪೇರಿ ಅಂಗಡಿ ಎದುರಿಗೇ ನಿಲ್ಸು."

"ಅವರ ಹತ್ರ ಮಾತಾಡ್ಬೇಡಿ ಅಜ್ಜಿ. ನಂಗೆ ಹೇಳಿ."

"ನೀನೇನು, ಕಂಡಕ್ಟರಾ?"

"ಇವತ್ತಿಂದ."

ಮಾರ್ಕೆಟ್ಟಿನಲ್ಲಿ ಇಳಿಯುತ್ತ ಅಜ್ಜಿಗೆ ಅನುಮಾನ ಬಂತು. "ಟಿಕೆಟ್ಟೇ ಕೊಡ್ಲಿಲ್ವಲ್ಲೇ?"

"ಇವತ್ತು ಚೆಕಿಂಗ್ ಇಲ್ಲ, ಇಳೀರಿ."

ಬಾಗಿಲು ಮುಚ್ಚಿದ ಮೇಲೆ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ಅಂಗಡಿಗಳಾಚೆ ಕಾರು ನಿಲ್ಲಿಸಿ ಇಂಜಿನ್ ಆರಿಸಿದ. ಕೀಲಿ ತಿರುಗಿದ್ದೇ ತಡ, ಬಾಯಿ ತೆರೆಯಿತು.

"ತಲೆಗೆ ಬೆಂಕಿ ಬಿದ್ದಿಲ್ಲ ತಾನೆ?"

"ಅಯ್ಯೋ, ಕೇಳಿಸಿತ್ತಾ!"

"ಎಲ್ಲಾ ಕೇಳ್ಸುತ್ತೆ. ಬಳ್ಳಿ, ಗಾಳಿ, ಬೆಂಕಿ. ಸ್ಟೀರಿಂಗ್ ಹಿಡಿದ್ರೆ ಮಾತು ಹೊರಡಲ್ಲ ಕಣೇ."

ಅವಳು ಕಣ್ಣೊರೆಸಿಕೊಂಡಳು. ನಗು ನಿಂತಿತ್ತು. "ಹಾಗಾದ್ರೆ ಮೂರು ದಿನಾನೂ ನಾನೊಬ್ಳೇ ಮಾತಾಡ್ಬೇಕು. ಅದಕ್ಕೆ ಇಷ್ಟು ದೂರ ಬರ್ಬೇಕಿತ್ತಾ? ನಮ್ಮನೆ ಗೋಡೆಗೇ ಹೇಳ್ಕೋತಿದ್ದೆ."

ಅವನು ಸ್ಟೀರಿಂಗಿನ ಮೇಲೆ ಬೆರಳಾಡಿಸಿದ. "ಬಸ್ಸಲ್ಲಿ ನಂಗೆ ಗೊತ್ತಿರೋದು ಒಂದೇ ಸೀಟು," ಎಂದ. "ಬೇರೆ ಕಡೆ ಕೂರೋಕೆ ಬರಲ್ಲ."

"ನಾನು ಕಲಿಸ್ತೀನಿ. ಏನೂ ಮಾಡ್ಬಾರ್ದು, ಅಷ್ಟೇ."

"ಅದೇ ಕಷ್ಟ."

ಆದರೂ ಕಾರು ತಿರುಗಿಸಿದ.

"ಏನ್ ಸಾರ್, ಇಷ್ಟು ಬೇಗ? ಗಾಡೀಲಿ ತೊಂದ್ರೆನಾ?" ಎಂದಳು ಕನ್ನಡಕದ ಹೆಂಗಸು.

"ಗಾಡಿ ಸರಿಯಾಗಿದೆ ತಾಯಿ, ಡ್ರೈವರ್ ರಿಟೈರ್ಡು," ಎಂದು ಹೆಂಡತಿ ಕೀಲಿ ಕೊಟ್ಟಳು.

ಬಸ್ಸು ಬಂದಾಗ ಅವನು ನೇರವಾಗಿ ಚಾಲಕನ ಬಾಗಿಲಿನ ಕಡೆಗೇ ನಡೆದ. ಅವಳು ಅಂಗಿ ಹಿಡಿದು ಎಳೆದು ತಂದು, ಎಡಗಡೆಯ ಕಿಟಕಿಯ ಪಕ್ಕ ಕೂರಿಸಿ, ಕೈಗೆ ತನ್ನ ಬ್ಯಾಗು ಕೊಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದ. ತಿರುವಿನಲ್ಲಿ ಬ್ಯಾಗೂ ತಿರುಗಿತು. ಒಂದು ಸ್ಟಾಪು ಕಳೆಯಿತು, ಎರಡು ಕಳೆಯಿತು. ಮಾತಿಲ್ಲ. ಅವಳ ಮುಖ ಸಣ್ಣದಾಯಿತು.

"ಕ್ಲಚ್ಚು ಸುಡ್ತಿದಾನೆ ಇವ್ನು," ಎಂದ ಅವನು.

"ಹೌದಾ?"

"ಮತ್ತೆ! ಈ ತಿರುವು ನೋಡು, ಎರಡಡಿ ಅಗಲಕ್ಕೆ ತಗೋಬೇಕಿತ್ತು. ಹ್ಞಾ, ಈಗ ಹಾರನ್ ಯಾಕೆ? ಯಾರಪ್ಪ ಕಲಿಸಿದ್ದು ಇವನಿಗೆ?"

ಮುಂದಿನ ಸೀಟಿನವರು ಹಿಂತಿರುಗಿ ದುರುಗುಟ್ಟಿದರು. ಅವಳು ಅವರ ಕಡೆ ನೋಡಿ ಧಾರಾಳವಾಗಿ ನಕ್ಕಳು. ಗಂಡ ಗೇರಿನಿಂದ ಬ್ರೇಕಿಗೆ, ಬ್ರೇಕಿನಿಂದ ಡಿಪೋ ಮ್ಯಾನೇಜರಿಗೆ ಬಂದು, ಇದ್ದಕ್ಕಿದ್ದ ಹಾಗೆ ನಿಲ್ಲಿಸಿದ.

"ಲೇ, ಆ ಬಳ್ಳಿ ಮನೆ ಎಲ್ಲಿ?"

"ಇನ್ನೂ ಮುಂದೆ, ಸೇತುವೆಗಿಂತ ಮೊದ್ಲು."

"ಬಂದಾಗ ಹೇಳು. ಪಕ್ಕಕ್ಕೆ ನೋಡಿ ಅಭ್ಯಾಸ ಇಲ್ಲ ನಂಗೆ," ಎಂದು ಹಣೆಯನ್ನು ಗಾಜಿಗೆ ಆನಿಸಿದ.

ಸ್ಟಾಪು ಹತ್ತಿರವಾದಂತೆ ಅವನ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಅವಳು ಚಪ್ಪಲಿ ಕಳಚಿ ತನ್ನ ಪಾದವನ್ನು ಅದರ ಮೇಲಿಟ್ಟಳು. ಅವನು ಹೊರಗೆ ನೋಡುತ್ತಲೇ ಇದ್ದ. ಮುಂದಿನ ಸ್ಟಾಪು ಬಂತು. ಎರಡು ಕಾಲೂ ಒಟ್ಟಿಗೆ ಒತ್ತಿದವು, ಬಸ್ಸು ನಿಂತಿತು.