ಇದರಲ್ಲಿ ಅವನ ರಕ್ತ ಯಾವುದು

ನಾವು ಮಾಂಸ ಕಡಿಯುವವರು. ಮೂಳೆ ಬಿಡಿಸುವಾಗ ಚೂರಿಯನ್ನು ಮೈ ಕಡೆಗೇ ಎಳೆಯುತ್ತೇವೆ. ಒಂದು ಬೆಳಿಗ್ಗೆ ಅದು ಅಳಿಯನ ಕೈ ಜಾರಿ, ಏಪ್ರನ್ ಅಂಚಿನ ಪಕ್ಕದಲ್ಲಿ ತೊಡೆಯ ಬುಡಕ್ಕೆ ಹೊಕ್ಕಿತು.

"ಏನಾಯ್ತೋ?" ಎಂದೆ.

"ಏನಿಲ್ಲ ಮಾವ, ಚೂರಿಗೂ ನನ್ ಮೇಲೆ ಪ್ರೀತಿ," ಎಂದು ನಕ್ಕು, ಪ್ಯಾಂಟಿನ ಮೇಲೆಯೇ ಒರೆಸುವ ಬಟ್ಟೆ ಬಿಗಿದು ಕೆಲಸಕ್ಕೆ ನಿಂತ.

ನಮ್ಮ ಅಂಗಡಿಯಲ್ಲಿ ರಕ್ತ ಕಂಡು ಯಾರೂ ತಲೆ ಎತ್ತುವುದಿಲ್ಲ. ಏಪ್ರನ್ ಮೇಲೆ, ಕೊರಡಿನ ಮೇಲೆ ಸದಾ ಇರುತ್ತದೆ. ಅವನ ಕಾಲಬುಡದ ನೆಲ ಚೊಕ್ಕಟವಾಗಿತ್ತು. ಹಾಗಾಗಿ ಎಲ್ಲರೂ ಸುಮ್ಮನಾದೆವು.

ಸ್ವಲ್ಪ ಹೊತ್ತಿಗೆ ಅವನು ನೀರು ಕೇಳಿದ. ಕುಡಿದು ಮತ್ತೆ ಕೇಳಿದ. ಬಾಯಿಗೆ ಬೀಗವಿಲ್ಲದವನು, ಗಿರಾಕಿ ಚೌಕಾಸಿಗೆ ಇಳಿದರೂ ತುಟಿ ಬಿಚ್ಚಲಿಲ್ಲ. ಹಣೆ ಮುಟ್ಟಿದೆ. ತಣ್ಣಗೆ ಬೆವರಿತ್ತು. ಪಕ್ಕದ ಅಂಗಡಿಯವನ ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು.

ತುರ್ತು ಕೋಣೆಯ ಡಾಕ್ಟರಮ್ಮ ಏಪ್ರನ್ ನೋಡಿ, "ಇದ್ರಲ್ಲಿ ಇವರ ರಕ್ತ ಯಾವುದು?" ಎಂದರು.

ನಾನು ತೊಡೆಗೆ ಬಿಗಿದ ಬಟ್ಟೆ ತೋರಿಸಿದೆ.

"ಬಟ್ಟೆ ಎಲ್ಲಾ ಕತ್ತರಿಸಿ. ಬೂಟೂ ತೆಗೀರಿ."

ನಾವು ಪ್ಯಾಂಟನ್ನು ರಬ್ಬರ್ ಬೂಟಿನೊಳಗೆ ತುರುಕಿಕೊಳ್ಳುವವರು. ನರ್ಸ್ ಬೂಟು ಎಳೆದಳು. ಚೆಂಬು ಬಗ್ಗಿಸಿದಂತೆ ರಕ್ತ ಸುರಿಯಿತು. ನೆಲ ಯಾಕೆ ಚೊಕ್ಕಟವಾಗಿತ್ತೆಂದು ಆಗ ತಿಳಿಯಿತು.

ಡಾಕ್ಟರಮ್ಮ ಗಾಯದ ಆಳಕ್ಕೆ ಬೆರಳಿನಿಂದ ಬಟ್ಟೆಪಟ್ಟಿ ತುಂಬುತ್ತ ಹೋದರು. ತುಂಬಿದ ಮೇಲೆ ಎರಡೂ ಕೈ ಊರಿ, ಮೈಭಾರ ಬಿಟ್ಟು ಒತ್ತಿದರು. ಒತ್ತಿದ ಕೈ ತೆಗೆಯದೆ ನರ್ಸಿಗೆ ಹೇಳಿದರು: "ಬ್ಲಡ್ ಬ್ಯಾಂಕಿಗೆ ಫೋನ್ ಮಾಡಿ. ಗ್ರೂಪ್ ನೋಡ್ತಾ ಕೂರೋದು ಬೇಡ, ಎಲ್ರಿಗೂ ಆಗೋ ಓ ನೆಗೆಟಿವ್ ಕಳಿಸ್ಲಿ. ಆಪರೇಷನ್ ಕೋಣೆಗೂ ತಿಳಿಸಿ. ಕಂಬಳಿ ಹೊದಿಸಿ, ಮೈ ತಣ್ಣಗಾದ್ರೆ ರಕ್ತ ಹೆಪ್ಪುಗಟ್ಟಲ್ಲ."

"ನೀರು," ಎಂದ ಅಳಿಯ.

"ಈಗ ಬೇಡಪ್ಪ. ನಿಮಗೆ ಬೇಕಾದ್ದು ಬೇರೆ ಬರ್ತಿದೆ."

ರಕ್ತದ ಚೀಲ ಬಂತು. ಅದರ ಹಿಂದೆ ಇನ್ನೊಂದು. ಒತ್ತಿದ ಕೈ ಹಾಗೇ ಇರುವಂತೆಯೇ ಮಂಚ ತಳ್ಳಿಕೊಂಡು ಹೋದರು. ಮಗಳು ಓಡಿ ಬಂದಾಗ ಬಾಗಿಲು ಮುಚ್ಚಿತ್ತು. ನನ್ನ ಕೈಯಲ್ಲಿ ಒಂದು ಬೂಟಿತ್ತು. ಅವಳು ಅದನ್ನು ನೋಡಿದಳು.

ಹರಿದ ರಕ್ತನಾಳ ಹೊಲಿದರು. ಮಾರನೆಯ ದಿನ ಕಣ್ಣು ಬಿಟ್ಟವನು, "ಮಾವ, ಬೂಟು ಜೋಪಾನ ತಾನೆ?" ಎಂದ.

"ಹೆಂಡ್ತಿ ಇಲ್ಲೇ ನಿಂತಿದೀನಿ, ಬೂಟಿನ ಯೋಗಕ್ಷೇಮ ವಿಚಾರಿಸ್ತಾರೆ," ಎಂದಳು ಮಗಳು. ಆಮೇಲೆ ಗೋಡೆ ಕಡೆ ತಿರುಗಿ ಅತ್ತಳು.

ಈಗ ನಮ್ಮಲ್ಲಿ ಯಾರಿಗೆ ಚೂರಿ ತಾಗಿದರೂ ಮೊದಲು ಬೂಟು ಬಿಚ್ಚಿಸಿ ಬಗ್ಗಿಸುತ್ತೇವೆ. ಬೆರಳಿಗೆ ತಾಗಿದರೂ ಸರಿ. ಅಳಿಯ ನಗುತ್ತಾನೆ. ನಗುತ್ತಲೇ ಬಿಚ್ಚುತ್ತಾನೆ.