ರೇಡಿಯೊ ಆರಿತು, ಎಂಜಿನ್ ಆರಲಿಲ್ಲ

ಲೇತ್ ಅಂಗಡಿಯವನು ಕಟ್ಟಿದ ಮಾದರಿ ಜೆಟ್ ವಿಮಾನ ಸಿದ್ಧವಾಗಿತ್ತು. ಅದನ್ನು ಆಟಿಕೆ ಎಂದರೆ ಅವನಿಗೆ ಸಿಟ್ಟು. ಮೂಗಿನಿಂದ ಬಾಲದವರೆಗೆ ಅವನಷ್ಟೇ ಉದ್ದ. ಹೊಟ್ಟೆಯಲ್ಲಿ ಸೀಮೆಎಣ್ಣೆ ಕುಡಿಯುವ ನಿಜವಾದ ಜೆಟ್ ಎಂಜಿನ್. ಭಾನುವಾರ ಮೈದಾನದಲ್ಲಿ ಮೊದಲ ಹಾರಾಟ. ಹೆಂಡತಿಯೂ ಮಗಳೂ ಬೇಲಿ ಪಕ್ಕದ ಬೆಂಚಿನಲ್ಲಿ ಕೂತು ನೋಡುವುದೆಂದು ತೀರ್ಮಾನವಾಗಿತ್ತು.

ನೆಲದಲ್ಲಿ ನಿಂತು ಅದನ್ನು ಹಾರಿಸಲು ಕೈಯಲ್ಲಿ ಹಿಡಿಯುವ ರೇಡಿಯೊ ಮಾತ್ರ ಹಳೆಯದು. ಎಂಜಿನ್ ಇಲ್ಲದ ಗ್ಲೈಡರ್ ಹಾರಿಸಲು ಎಂದೋ ಕೊಂಡದ್ದು. ಕೈಗೆ ಒಗ್ಗಿದೆ, ಒಮ್ಮೆಯೂ ಕೈಕೊಟ್ಟಿಲ್ಲ, ಇನ್ನೊಂದು ಯಾಕೆ ಎಂಬುದು ಅವನ ವಾದ.

ಶನಿವಾರ ನಾದಿನಿ ಬಂದಳು. ಅವಳೂ ಜೆಟ್ ಹಾರಿಸುವವಳು. ಮೈದಾನದಲ್ಲಿ ಯಾವ ವಿಮಾನ ಏರಬೇಕು, ಯಾವುದು ಬೇಡ ಎಂದು ಪರೀಕ್ಷಿಸುವ ಕೆಲಸ ಅವಳದು. ಜೆಟ್ಟಿನ ಸುತ್ತ ಒಂದು ಸುತ್ತು ಹಾಕಿದಳು.

"ಭಾವ, ಮೈಗೆ ಮೂರು ಸಲ ಬಣ್ಣ ಬಳಿದಿದ್ದೀರಿ, ತಲೆ ಮಾತ್ರ ಹಳೇದೇ. ಥೇಟ್ ನಿಮ್ಮ ಹಾಗೇ ಇದೆ."

"ನಿಮ್ಮಕ್ಕನೂ ಹಳಬಳೇ. ಬದಲಾಯಿಸಿದ್ನಾ?"

"ಕೇಳಿಸ್ತಿದೆ," ಎಂದಳು ಹೆಂಡತಿ ಒಳಗಿನಿಂದ.

ನಾದಿನಿ ನಗಲಿಲ್ಲ. "ಈ ರೇಡಿಯೊ ಇರೋವಾಗ ಜೆಟ್ ನಿಮ್ಮ ಮಾತು ಕೇಳತ್ತೆ, ಸರಿ. ನಿಮ್ಮ ಮಾತು ಅದಕ್ಕೆ ಮುಟ್ಟದೇ ಇದ್ದಾಗ ಏನು ಮಾಡತ್ತೆ?"

ಅವನಿಗೆ ಗೊತ್ತಿರಲಿಲ್ಲ. ಹಾಗಾಗುವುದೇ ಇಲ್ಲ ಎಂದ. ನೋಡಿಯೇ ಬಿಡೋಣ ಎಂದಳು ಅವಳು.

ಹಿತ್ತಲಲ್ಲಿ ಜೆಟ್ಟಿನ ಕಾಲುಗಳಿಗೆ ಹಗ್ಗ ಹಾಕಿ ಎರಡೂ ಪಕ್ಕದ ಕಬ್ಬಿಣದ ಕಂಬಗಳಿಗೆ ಬಿಗಿದರು. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟರು. ಮುಂದೆ ಹಿಂದೆ ಯಾರನ್ನೂ ನಿಲ್ಲಗೊಡಲಿಲ್ಲ. ತಾಯಿ ಮಗಳು ಬಾಗಿಲೊಳಗೇ ನಿಂತರು. ಎಂಜಿನ್ ಅರ್ಧ ವೇಗಕ್ಕೆ ಬಂದಾಗ ಅವನು ತಾನೇ ರೇಡಿಯೊ ಆರಿಸಿದ.

ಎಂಜಿನ್ ನಿಲ್ಲಲಿಲ್ಲ. ಅದೇ ವೇಗ, ಅದೇ ಕಿರುಚಾಟ. ಹಗ್ಗಗಳು ಬಿಗಿದು ನಡುಗಿದವು. ಒಂದು ಕಂಬದ ಬುಡದ ಮಣ್ಣು ಬಿರುಕು ಬಿಟ್ಟಿತು. ಅವನು ಆರಿದ ರೇಡಿಯೊದ ಮೇಲಿನ, ವೇಗ ಇಳಿಸುವ ಕಡ್ಡಿಯನ್ನು ಕೆಳಕ್ಕೆ ಒತ್ತುತ್ತಲೇ ಇದ್ದ. ನಾದಿನಿ ರೇಡಿಯೊ ಕಿತ್ತುಕೊಂಡು ಮತ್ತೆ ಆನ್ ಮಾಡಿದಳು. ಸಂಪರ್ಕ ಕೂಡಲು ಕೆಲವು ಕ್ಷಣ ಹಿಡಿಯಿತು. ಅಷ್ಟು ಹೊತ್ತು ಜೆಟ್ ಯಾರ ಕೈಯಲ್ಲೂ ಇರಲಿಲ್ಲ.

ನಾದಿನಿ ಕಡ್ಡಿ ಒತ್ತಿ ಎಂಜಿನ್ ನಿಲ್ಲಿಸಿದ ಮೇಲೆ ಮಗಳು ಕೇಳಿದಳು: "ಅಪ್ಪ, ನಾಳೆ ನಾವು ಕೂರೋ ಬೆಂಚು ಯಾವ ಕಡೆ ಇರತ್ತೆ?"

ಅವನು ರೇಡಿಯೊದ ಹೊಂದಾಣಿಕೆಗಳನ್ನು ತೆರೆದು ನೋಡಿದ.

ಕಾರಣ ಸರಳವಾಗಿತ್ತು. ಸಂಪರ್ಕ ತಪ್ಪಿದರೆ ಕೊನೆಯ ಆಜ್ಞೆಯನ್ನೇ ಪಾಲಿಸುತ್ತಿರು ಎಂದು ಆ ಹಳೆಯ ರೇಡಿಯೊದಲ್ಲಿ ಅವನೇ ಎಂದೋ ಹೊಂದಿಸಿ ಮರೆತಿದ್ದ. ಗ್ಲೈಡರಿಗೆ ಅದು ಒಳ್ಳೆಯದು, ಹಾಗೇ ತೇಲಿಕೊಂಡಿರುತ್ತದೆ. ಜೆಟ್ಟಿಗೆ ಅದೇ ಆಜ್ಞೆ ಎಂದರೆ ಎಣ್ಣೆ ಮುಗಿಯುವವರೆಗೆ, ಅಥವಾ ಏನಾದರೂ ಅಡ್ಡ ಬರುವವರೆಗೆ ನುಗ್ಗುವುದು. ಹೊಂದಾಣಿಕೆಯನ್ನಷ್ಟೇ ಬದಲಿಸುತ್ತೇನೆ ಎಂದ ಅವನು. ಸಾಲದು ಎಂದಳು ನಾದಿನಿ. ಜೆಟ್ಟಿನೊಳಗೆ ಸಂಕೇತ ಹಿಡಿಯುವ ರಿಸೀವರ್ ಒಂದೇ ಇತ್ತು. ಬ್ಯಾಟರಿಯೂ ಒಂದೇ. ಯಾವುದು ಸತ್ತರೂ ಜೆಟ್ ಕಿವುಡು.

ಭಾನುವಾರದ ಹಾರಾಟ ನಿಂತಿತು. ಹೊಸ ರೇಡಿಯೊ ಕೊಳ್ಳಲು ನಾದಿನಿಯೇ ಜೊತೆಗೆ ಹೋದಳು. ಪರಸ್ಪರ ದೂರದಲ್ಲಿ ಕೂರಿಸಿದ ಎರಡು ರಿಸೀವರ್, ಬೇರೆ ಬೇರೆ ಎರಡು ಬ್ಯಾಟರಿ, ಸಂಕೇತವೋ ಬ್ಯಾಟರಿಯೋ ಕುಗ್ಗಿದರೆ ಕೈಯಲ್ಲಿರುವ ರೇಡಿಯೊದಲ್ಲೇ ಎಚ್ಚರಿಸುವ ವ್ಯವಸ್ಥೆ. ಸಂಪರ್ಕ ತಪ್ಪಿದರೆ ಎಂಜಿನ್ ಆರಬೇಕು ಎಂಬ ಆಜ್ಞೆಯನ್ನು ಅವನೇ ಕೂತು ಹೊಂದಿಸಿದ.

ಮತ್ತೆ ಅದೇ ಹಿತ್ತಲು, ಅದೇ ಕಂಬ. ಈ ಸಲ ರೇಡಿಯೊ ಆರಿಸಿದವಳು ಹೆಂಡತಿ. ಎಂಜಿನ್ ಸದ್ದು ಇಳಿದು ಇಳಿದು ಸತ್ತಿತು.

"ಈಗ ಬೆಂಚಿನಲ್ಲಿ ಕೂರ್ತೀನಿ," ಎಂದಳು.

ದೊಡ್ಡ ಜೆಟ್ ಹಾರಿಸುವವರೇ, ರೇಡಿಯೊ ಕೊಳ್ಳುವಾಗ ಅದು ಎಷ್ಟು ದೂರ ಮುಟ್ಟುತ್ತದೆ ಎಂದಷ್ಟೇ ಕೇಳಬೇಡಿ, ಮುಟ್ಟದಿದ್ದಾಗ ಏನು ಮಾಡುತ್ತದೆ ಎಂದೂ ಕೇಳಿ. ಮನೆಗೆ ತಂದ ಮೇಲೆ ವಿಮಾನವನ್ನು ಭದ್ರವಾಗಿ ಕಟ್ಟಿ, ರೇಡಿಯೊ ಆರಿಸಿ ನೋಡಿ. ಎಂಜಿನ್ ನಿಲ್ಲದಿದ್ದರೆ ಅದನ್ನು ಮೈದಾನಕ್ಕೆ ತರಬೇಡಿ. ಬೆಂಚಿನಲ್ಲಿ ಜನ ಕೂತಿರುತ್ತಾರೆ.