ಅಟ್ಟದ ಬಾಯಿಗೆ ಮೊಳ ಕಮ್ಮಿ

ಈ ಕಾಯಿಯೂ ಮೊಳ ಕಮ್ಮಿನೇ ಬಂತು, ಚಿಕ್ಕಗೌರಮ್ಮ ಅಟ್ಟದ ಬಾಯಿಂದ ಎದೆಮಟ್ಟ ಹೊರಗೆ ಬಗ್ಗಿ ಹಿಡಿದಳು, ಹಿಡಿದು ಹಿಂದಕ್ಕೆ ಉರುಳಿಸಿದಳು, ಗಡಗಡ ಅಂತ ಹೋಗಿ ರಾಶಿ ಸೇರಿತು — ಬೆಳಿಗ್ಗೆ ಹಿಂಗಿರಲಿಲ್ಲವಲ್ಲ, ಬೆಳಿಗ್ಗೆ ಕಾಯಿ ಮೂಗಿನ ನೇರಕ್ಕೇ ಬಂದು ಗಾಳೀಲಿ ಒಂದು ಚಣ ನಿಲ್ಲೋದು, ತಗೋ ಅನ್ನೋ ಹಂಗೆ, ಅವಳು ಕೂತಲ್ಲೇ ಕೂತು ಇಸ್ಕೊಳ್ಳೋಳು. ಮದುವೆಯಾಗಿ ಬಂದಾಗಿನಿಂದ ಕೊಬ್ಬರಿಗೆ ಅಂತ ಅಟ್ಟಕ್ಕೆ ಕಾಯಿ ಏರಿಸುವಾಗೆಲ್ಲ ಕೆಳಗಿಂದ ಎಸೆಯೋನು ಈರಣ್ಣ, ಮೇಲೆ ಹಿಡಿಯೋಳು ಇವಳು, ಗಂಡನ ಮುಖ ನೋಡದೇನೇ ಸಿಟ್ಟಾಗವ್ನೋ ಹಸಿದವ್ನೋ ಅಂತ ಕಾಯಿ ಬರೋ ವರಸೇಲೇ ಹೇಳಿಬಿಡೋಳು, ಈಗ ಇದು ಸಿಟ್ಟಲ್ಲ, ಹಸಿವೂ ಅಲ್ಲ, ಅಯ್ಯೋ ಶಿವನೆ, ಇದು ಸೊಂಟ, ಹೋದ ತಿಂಗಳು ಮೂಟೆ ಎತ್ತುವಾಗ ಕಳಕ್ ಅಂದಿತ್ತಲ್ಲ ಅದೇ ಸೊಂಟ, ಏನೂ ಆಗಿಲ್ಲ ಕಣೇ, ಸುಮ್ಕಿರು, ಅಂತ ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗಿದ್ದನಲ್ಲ, ಅದೇ.

ಇನ್ನೊಂದು ಬಂತು, ಇನ್ನೂ ಕೆಳಗೆ — ಕೆಂಕೆರೆ ಅಣ್ಣನ ಮನೇಲಿ ರಾಟೆ ಕಟ್ಟವ್ರೆ, ಮಂಕರಿಗೆ ಹಗ್ಗ ಹಾಕಿ ಎಳೆದರೆ ಕಾಯಿ ತಾನಾಗೇ ಮೇಲೆ, ಅಣ್ಣ ನಮಗೂ ಒಂದು ಹಳೇ ರಾಟೆ ಕೊಟ್ಟು ಕಳಿಸಿದ್ದ, ಕೊಟ್ಟಿಗೇಲಿ ಬಿದ್ದೈತೆ, ರಾಟೆ ಹಾಕ್ಕಂಡು ಕಾಯಿ ಏರ್ಸಕೆ ನಾನೇನು ಕೈಲಾಗದೋನಾ, ಅಂದಿದ್ದ ಈರಣ್ಣ. ಮಗಳು ಭವ್ಯಶ್ರೀ ತುಮಕೂರಿನ ಗೋಡೌನಲ್ಲಿ ಕೆಲಸಕ್ಕೆ ಸೇರಿದ ವಾರ ಫೋನ್ ಮಾಡಿ, ಇಲ್ಲಿ ಭಾರ ಎತ್ತೋದನ್ನೂ ಕಲಿಸ್ತಾರೆ ಕಣಪ್ಪ, ಸೊಂಟ ಬಗ್ಗಿಸಬಾರದಂತೆ, ಮಂಡಿ ಮಡಚಿ ಎತ್ತಬೇಕಂತೆ, ಭಾರನ ಮೈಗೆ ಒತ್ತಿಕೋಬೇಕಂತೆ, ತಿರುಗೋವಾಗ ಸೊಂಟ ತಿರುಚದೆ ಪಾದ ತಿರುಗಿಸಬೇಕಂತೆ, ಅಂದರೆ ಅವನು ನಕ್ಕು ನಕ್ಕು ಕೆಮ್ಮಿಬಿಟ್ಟಿದ್ದ, ಎತ್ತೋದನ್ನ ಕಲಿಸಕ್ಕೂ ಮೇಷ್ಟ್ರ ಇಟ್ಟವ್ರಾ, ಬುಡವ್ವ, ಅಂತ, ಮಾರನೇ ದಿನ ಯಾರೂ ಇಲ್ಲ ಅಂದ್ಕೊಂಡು ಕೊಟ್ಟಿಗೇಲಿ ಮಂಡಿ ಮಡಚಿ ಬೂಸಾ ಮೂಟೆ ಎತ್ತಿ ನೋಡ್ತಿದ್ದ, ಇವಳು ಕಂಡೂ ಸುಮ್ಮನಾಗಿದ್ದಳು. ತಾನೇನು ಕಮ್ಮಿ ಮೊಂಡಿಯಾ, ಅವನದು ಬಯಲಾಗಬಾರದು ಅಂತ ಇಷ್ಟಿಷ್ಟೇ ಮುಂದಕ್ಕೆ ಜರುಗಿ ಜರುಗಿ ಈಗ ಅರ್ಧ ಮೈ ಗಾಳೀಲೈತೆ, ಅಟ್ಟದ ಒಂದು ಗಳ ಜಾರಿದರೆ ಅವನ ತಲೆ ಮೇಲೇ ಬೀಳೋದು. ಹೇಳಿಬಿಡಲಾ, ನಿಮ್ಮ ಕೈಲಾಗ್ತಿಲ್ಲ ನಿಲ್ಲಿಸ್ರೀ ಅಂತ — ಅಂದರೆ ಮುಗೀತು, ಅದೇ ಹಟಕ್ಕೆ ಎರಡೆರಡು ಎಸೀತಾನೆ. ಮತ್ತೆ ಹೆಂಗೆ, ತನ್ನ ಮೇಲೇ ಹಾಕ್ಕೊಂಡರೆ? ಹೂಂ, ಹಂಗೇ ಸರಿ, ಗಂಡನಿಗೆ ಒಂದು ಸುಳ್ಳು ಹೇಳೋದನ್ನ ಇವತ್ತೇನು ಹೊಸದಾಗಿ ಕಲೀಬೇಕಾ, ಇದೊಂದು ಕಾಯಿ ಆಗಲಿ, ಬಂತು, ಹಿಡಿದಳು, ಇನ್ನೊಂದು ಆಗಲಿ, ಬಂತು, ಬೆರಳ ತುದಿಗೆ ತಾಗಿ ಜಾರಿ ಧಪ್ ಅಂತ ಕೆಳಗೆ ಬಿತ್ತು.

ರೀ, ನಂಗೆ ಸೊಂಟ ಹಿಡ್ಕಂತು ಕಣ್ರೀ, ಬಗ್ಗಕ್ಕಾಯ್ತಿಲ್ಲ, ಆ ರಾಟೆನಾದ್ರೂ ಕಟ್ರೀ, ಅಂದಳು. ಈಗ ಶುರು ಮಾಡ್ತಾನೆ, ಕೂತು ಹಿಡಿಯೋಳಿಗೆ ಏನೇ ದಾಡಿ ಅಂತ ಆಡ್ಕೋತಾನೆ, ಆಡ್ಕೊಳ್ಳಲಿ, ಅದಕ್ಕೇ ಕಾದಳು. ಸರಿ ಬುಡು, ಕಟ್ಟಾನ, ಅಂದ ಈರಣ್ಣ. ಅಷ್ಟೇ, ಒಂದು ಕೊಂಕಿಲ್ಲ, ಒಂದು ಬೈಗುಳ ಇಲ್ಲ, ಎಷ್ಟೊತ್ತಿಂದ ಕಾದಿದ್ದನೋ ಪುಣ್ಯಾತ್ಮ ಈ ಮಾತಿಗೆ, ಮೊದಲೇ ಅನ್ನಬಾರದಿತ್ತಾ ನಾನು, ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು, ಬಗ್ಗಿ ನೋಡಿದರೆ ಮುಂದಿನ ಕಾಯಿ ಹಿಡಿದು ಎತ್ತಿದ ಬಲಗೈ ತಲೆಯ ಮೇಲೆ ಹಂಗೇ ಐತೆ. ಅದನ್ನ ಕೆಳಗಿಡ್ರೀ, ಇನ್ನು ಸಾಕು. ಈರಣ್ಣ ಮೇಲೆ ನೋಡಿದ, ಸೊಂಟ ಮತ್ತೆ ಕಳಕ್ ಅಂದಿರಬೇಕು, ಎಡಗೈಲಿ ಒತ್ತಿ ಹಿಡಿದ, ಕಾಯಿ ಜಾರಿ ನೆಲಕ್ಕೆ ಬಿತ್ತು, ಕೈ ಇಳೀಲಿಲ್ಲ — ಇಳಿಸ್ರೀ — ಖಾಲಿ ಕೈ, ಐದು ಬೆರಳೂ ಬಿಟ್ಕೊಂಡು ಅವಳ ಕಡೆಗೆ ಚಾಚಿದ ಕೈ — ಇಳಿಸ್ರೀ ಅಂದ್ನಲ್ಲ — ಎತ್ತಿದ ಕೈ, ಎತ್ತಿದ್ದು ಎತ್ತಿದಂಗೇ